ಅಂಗಹೀನನ ಕರ್ಮಾಧಿಕಾರವೂ ಉದ್ಯೋಗದಾತನ ಕರ್ತವ್ಯವೂ

ಶಾಸ್ತ್ರದಲ್ಲಿ 'ಅಧಿಕಾರ'ವೆಂಬ ಶಬ್ದಕ್ಕೆ ಪದವಿಯೆಂದಾಗಲಿ ದರ್ಪವೆಂದಾಗಲಿ ಅರ್ಥವಲ್ಲ. ಒಂದು ಕರ್ಮವನ್ನು ಮಾಡಿ ಅದರ ಫಲವನ್ನು ಹೊಂದಲು ಒಬ್ಬನಿಗಿರುವ ಅರ್ಹತೆಯೆಂದು ಅರ್ಥ. ಜೈಮಿನಿಯ ಮೀಮಾಂಸಾಸೂತ್ರಗಳ ಆರನೆಯ ಅಧ್ಯಾಯವು ಈ ವಿಚಾರಕ್ಕೆ ಮೀಸಲಾಗಿದ್ದು, ಅಂಗಹೀನನಿಗೆ ಯಜ್ಞಾಧಿಕಾರವುಂಟೇ ಎಂಬ ಪ್ರಶ್ನೆಯು ಅದರ ಮೊದಲನೆಯ ಪಾದದಲ್ಲಿಯೇ ಬರುತ್ತದೆ. ನೀಗಬಹುದಾದ ವೈಕಲ್ಯವುಳ್ಳವನಿಗೆ ಉಂಟು, ನೀಗದ ವೈಕಲ್ಯವುಳ್ಳವನಿಗೆ ಇಲ್ಲವೆಂದು ಅಲ್ಲಿಯ ನಿರ್ಣಯ. ಕುರುಡನು ಆಜ್ಯವನ್ನು ನೋಡಲಾರನು, ಕುಂಟನು ವಿಷ್ಣುಕ್ರಮಗಳನ್ನು ಇಡಲಾರನು ಎಂಬುದು ಮೀಮಾಂಸಕರು ಕೊಡುವ ಹೇತು. ಕರ್ಮದ ರೂಪವು ಸ್ಥಿರ; ಅದಕ್ಕೆ ಮನುಷ್ಯನು ಹೊಂದಬೇಕು ಎಂಬುದೇ ಇಲ್ಲಿಯ ತಾತ್ಪರ್ಯ.

ನಮ್ಮ ಕಚೇರಿಗಳೂ ಕಾರ್ಖಾನೆಗಳೂ ಬಹುಕಾಲ ಇದೇ ನ್ಯಾಯವನ್ನು ಹಿಡಿದು ನಡೆದುವು. ಇಂದಿನ ಭಾರತದ ಶಾಸನವು ಈ ನ್ಯಾಯವನ್ನು ತಿರುವಿಹಾಕಿದೆ. ಅದು ಹೇಗೆಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಪ್ರಾಚೀನರಲ್ಲಿ ಬೇರೆ ದೃಷ್ಟಿಯೇ ಇರಲಿಲ್ಲವೆನ್ನಲಾಗದು. ಅದೇ ಆರನೆಯ ಅಧ್ಯಾಯದ ಮೂರನೆಯ ಪಾದದಲ್ಲಿ, ನಿತ್ಯಕರ್ಮದ ವಿಷಯದಲ್ಲಿ ಎಲ್ಲ ಅಂಗಗಳನ್ನೂ ನಡೆಯಿಸಲು ಶಕ್ತಿಯಿಲ್ಲದವನು ಶಕ್ಯವಾದಷ್ಟನ್ನು ನಡೆಯಿಸಿ ಪ್ರಧಾನವನ್ನು ಮಾಡಬಹುದೆಂದು ಸಿದ್ಧಾಂತವಿದೆ. ಇನ್ನು ಲೌಕಿಕ ವ್ಯವಹಾರಕ್ಕೆ ಬಂದರೆ, ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸೂತ್ರಾಧ್ಯಕ್ಷನ, ಎಂದರೆ ನೂಲಿನ ಕೆಲಸದ ಅಧಿಕಾರಿಯ, ಪ್ರಕರಣವೊಂದುಂಟು. ಮನೆಯಿಂದ ಹೊರಗೆ ಬಾರದ, ಆದರೂ ತಮ್ಮ ಜೀವನವನ್ನು ತಾವೇ ಸಂಪಾದಿಸಿಕೊಳ್ಳಬೇಕೆನ್ನುವ ಸ್ತ್ರೀಯರಿಗೆ ದಾಸಿಯರ ಮೂಲಕ ಕೆಲಸವನ್ನು ಕಳುಹಿಸಿ, ಆದರದಿಂದ ಮಾಡಿಸಿಕೊಳ್ಳಬೇಕೆಂದು ಅಲ್ಲಿ ವಿಧಿಸಿದೆ. ಆ ಸ್ತ್ರೀಯರಲ್ಲಿ ವಿಧವೆಯರೊಡನೆ ಅಂಗವಿಕಲೆಯರೂ ಎಣಿಸಲ್ಪಟ್ಟಿದ್ದಾರೆ. ಕೆಲಸಗಾರಳು ಬರಲಾರದಲ್ಲಿಗೆ ಕೆಲಸವೇ ಹೋಗಬೇಕೆಂಬ ಈ ಮಾತು ಗಮನಾರ್ಹವಾದುದು.

ಆದರೆ ಅದು ರಾಜನ ಅಧಿಕಾರಿಗೆ ಇತ್ತ ಸೂಚನೆಯೇ ಹೊರತು ಆ ಸ್ತ್ರೀಯು ಕೇಳಿ ಪಡೆಯಬಹುದಾದ ಹಕ್ಕಲ್ಲ. ಹಕ್ಕಿನ ರೂಪವು ನಮ್ಮ ಕಾಲದಲ್ಲಿ ಬಂದಿತು. ವಿಶ್ವಸಂಸ್ಥೆಯು 2006ರ ಡಿಸೆಂಬರ್ 13ರಂದು ವಿಕಲಚೇತನರ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತವು 2007ರಲ್ಲಿ ಅದಕ್ಕೆ ಬದ್ಧವಾಯಿತು. ಅದಕ್ಕನುಗುಣವಾಗಿ 2016ರಲ್ಲಿ ರಚಿತವಾದ ವಿಕಲಚೇತನರ ಹಕ್ಕುಗಳ ಅಧಿನಿಯಮವು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದು 21 ಬಗೆಯ ವೈಕಲ್ಯಗಳನ್ನು ಹೆಸರಿಸುತ್ತದೆ.

ಈ ಅಧಿನಿಯಮದ ಜೀವಾಳವನ್ನು ನಾವು 'ಯುಕ್ತಾನುಕೂಲ್ಯ'ವೆಂದು ಕರೆಯಬಹುದು. ವಿಕಲಚೇತನನು ಇತರರಿಗೆ ಸಮನಾಗಿ ತನ್ನ ಹಕ್ಕುಗಳನ್ನು ಅನುಭವಿಸಲು ಅವಶ್ಯವೂ ಉಚಿತವೂ ಆದ ಮಾರ್ಪಾಟುಗಳನ್ನು, ಮಿತಿಮೀರಿದ ಹೊರೆಯಾಗದಂತೆ, ಮಾಡಿಕೊಡುವುದೇ ಅದರ ಲಕ್ಷಣ. ಮೀಮಾಂಸೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಪ್ರಧಾನವು ಉಳಿಯಬೇಕು, ಅಂಗವು ಬದಲಾಗಬೇಕು. ಗುಮಾಸ್ತನ ಕೆಲಸದಲ್ಲಿ ಲೆಕ್ಕವನ್ನು ತಪ್ಪಿಲ್ಲದೆ ಇಡುವುದು ಪ್ರಧಾನ. ಕಾಗದವನ್ನು ಕಣ್ಣಿನಿಂದಲೇ ಓದುವುದು ಅಂಗ. ಕಾಗದವನ್ನು ಧ್ವನಿಯಾಗಿ ಓದಿಹೇಳುವ ಯಂತ್ರವಿರುವಾಗ ಆ ಅಂಗವನ್ನೇ ಪ್ರಧಾನವೆಂದು ಹಿಡಿಯುವುದು ಭ್ರಾಂತಿ. ಯುಕ್ತಾನುಕೂಲ್ಯವನ್ನು ನಿರಾಕರಿಸುವುದೇ ತಾರತಮ್ಯವೆಂದು ಅಧಿನಿಯಮವು ಸ್ಪಷ್ಟವಾಗಿ ಹೇಳುತ್ತದೆ. ದ್ವೇಷಬುದ್ಧಿಯಿರಬೇಕೆಂಬ ನಿಯಮವಿಲ್ಲ, ಉದಾಸೀನತೆಯೂ ಅಪರಾಧವಾಗಬಹುದು.

ಇಲ್ಲಿ ಪೂರ್ವಪಕ್ಷಿಯು ಶಂಕಿಸಬಹುದು: ಒಬ್ಬನಿಗಾಗಿ ವ್ಯವಸ್ಥೆಯನ್ನು ಬದಲಿಸುವುದು ಇತರರ ವಿಷಯದಲ್ಲಿ ಪಕ್ಷಪಾತವಲ್ಲವೇ? ಅಲ್ಲ. ಕಚೇರಿಯಲ್ಲಿ ದೀಪವನ್ನು ಹಚ್ಚುವುದು ಕಣ್ಣುಳ್ಳವರಿಗಾಗಿ. ಮೆಟ್ಟಿಲನ್ನು ಕಟ್ಟುವುದು ಕಾಲುಳ್ಳವರಿಗಾಗಿ. ಈ ವೆಚ್ಚವನ್ನು ಯಾರೂ ರಿಯಾಯಿತಿಯೆಂದು ಕರೆಯುವುದಿಲ್ಲ. ಹಾಗಿರಲು ಮೆಟ್ಟಿಲ ಪಕ್ಕದ ಇಳಿಜಾರು ಮಾತ್ರ ಹೇಗೆ ದಾನವಾದೀತು?

ಉದ್ಯೋಗದಾತರ ಕರ್ತವ್ಯಗಳನ್ನು ಸಂಗ್ರಹವಾಗಿ ಹೇಳುವುದಾದರೆ: ಸರ್ಕಾರಿ ಸಂಸ್ಥೆಗಳು ತಡೆಯಿಲ್ಲದ ಪರಿಸರವನ್ನೂ ಯುಕ್ತಾನುಕೂಲ್ಯವನ್ನೂ ಒದಗಿಸಬೇಕು, ನೂರಕ್ಕೆ 4ಕ್ಕೆ ಕಡಿಮೆಯಿಲ್ಲದಂತೆ ಹುದ್ದೆಗಳನ್ನು ಮೀಸಲಿಡಬೇಕು, ವೈಕಲ್ಯವೊಂದನ್ನೇ ನೆವವಾಗಿಸಿ ಬಡ್ತಿಯನ್ನು ತಪ್ಪಿಸಕೂಡದು. ಸೇವೆಯಲ್ಲಿರುವಾಗ ವೈಕಲ್ಯವನ್ನು ಹೊಂದಿದವನನ್ನು ತೆಗೆದುಹಾಕಕೂಡದು, ಕೆಳಗಿಳಿಸಲೂ ಕೂಡದು. ಅದೇ ವೇತನಶ್ರೇಣಿಯ ಬೇರೆ ಹುದ್ದೆಗೆ ಬದಲಾಯಿಸಬೇಕು. ಅಂಥ ಹುದ್ದೆಯಿಲ್ಲದಿದ್ದರೆ, ಅದು ದೊರೆಯುವವರೆಗೆ ಅಥವಾ ನಿವೃತ್ತಿಯಾಗುವವರೆಗೆ ಹೆಚ್ಚುವರಿ ಹುದ್ದೆಯಲ್ಲಿ ಇರಿಸಿಕೊಳ್ಳಬೇಕು. ಖಾಸಗಿ ಸಂಸ್ಥೆಗಳೂ ಸಮಾನಾವಕಾಶದ ನೀತಿಯನ್ನು ಪ್ರಕಟಿಸಬೇಕು. 20 ಅಥವಾ ಹೆಚ್ಚು ಜನ ನೌಕರರಿರುವ ಕಡೆ ಆ ನೀತಿಯು ತಕ್ಕ ಹುದ್ದೆಗಳು, ಆಯ್ಕೆಯ ಕ್ರಮ, ತರಬೇತಿ, ಸಹಾಯಕ ಉಪಕರಣಗಳು ಇವೆಲ್ಲವನ್ನೂ ಒಳಗೊಳ್ಳಬೇಕು. ಅಧಿನಿಯಮವನ್ನು ಮೊದಲ ಬಾರಿ ಉಲ್ಲಂಘಿಸಿದವರಿಗೆ 10,000 ರೂಪಾಯಿಗಳವರೆಗೂ, ಮತ್ತೆ ಉಲ್ಲಂಘಿಸಿದರೆ 50,000ದಿಂದ 5 ಲಕ್ಷದವರೆಗೂ ದಂಡವುಂಟು.

ಸರ್ವೋಚ್ಚ ನ್ಯಾಯಾಲಯವೂ ಈ ತತ್ತ್ವವನ್ನು ಬಲಪಡಿಸಿದೆ. ಬರೆಯುವಾಗ ಕೈ ಸೆಟೆದುಕೊಳ್ಳುವ ವ್ಯಾಧಿಯುಳ್ಳ ಅಭ್ಯರ್ಥಿಗೆ ಪರೀಕ್ಷೆಯಲ್ಲಿ ಲಿಪಿಕಾರನ ನೆರವು ಸಲ್ಲುವುದೆಂದು 2021ರ ಫೆಬ್ರವರಿಯಲ್ಲಿ ತೀರ್ಪಿತ್ತು, ಯುಕ್ತಾನುಕೂಲ್ಯದ ಹೊಣೆಯು ಸರ್ಕಾರದ ಮೇಲೆ ಮಾತ್ರವಲ್ಲ, ಖಾಸಗಿಯವರ ಮೇಲೆಯೂ ಇದೆಯೆಂದು ಹೇಳಿತು. 2024ರ ನವೆಂಬರಿನಲ್ಲಿ, ಸುಗಮಪ್ರವೇಶದ ಮಾನದಂಡಗಳು ಬರಿಯ ಸಲಹೆಗಳಾಗಿರಲು ಬಾರದು, ಕಡ್ಡಾಯವಾಗಬೇಕೆಂದು ವಿಧಿಸಿತು. 2025ರ ಮಾರ್ಚ್ 3ರಂದು, ದೃಷ್ಟಿಯಿಲ್ಲವೆಂಬ ಕಾರಣದಿಂದ ಯಾರನ್ನೂ ನ್ಯಾಯಾಂಗಸೇವೆಯಿಂದ ಹೊರಗಿಡಲಾಗದೆಂದು ನಿರ್ಣಯಿಸಿತು. ಆಜ್ಯವನ್ನು ನೋಡಲಾರನೆಂದು ಯಜ್ಞದಿಂದ ದೂರವಿರಿಸಲ್ಪಟ್ಟವನು ಇಂದು ನ್ಯಾಯಪೀಠವನ್ನೇರಲು ಅಧಿಕಾರಿಯಾಗಿದ್ದಾನೆ.

ಅಂಧನೂ ಪಂಗುವೂ 'ಭರ್ತವ್ಯರು', ಪೋಷಣೆಗೆ ಅರ್ಹರು ಎಂದು ಸ್ಮೃತಿಗಳು ಹೇಳಿದುವು. ಅದು ಕರುಣೆಯ ಮಾತೇ ಸರಿ. ಆದರೆ ದುಡಿಯಬಲ್ಲವನಿಗೆ ಅನ್ನವನ್ನು ಮಾತ್ರ ನೀಡಿ ದುಡಿಮೆಯನ್ನು ನಿರಾಕರಿಸಿದರೆ ಆ ಕರುಣೆಯೇ ಅವಮಾನವಾಗುತ್ತದೆ. ಆದುದರಿಂದ ಉದ್ಯೋಗದಾತನು ಇನ್ನು ಮುಂದೆ 'ಇವನಿಂದ ಈ ಕೆಲಸವಾದೀತೇ?' ಎಂದು ಕೇಳುವುದಕ್ಕೆ ಮೊದಲು 'ಈ ಕೆಲಸದಲ್ಲಿ ಪ್ರಧಾನವಾವುದು, ಅಂಗವಾವುದು?' ಎಂದು ತನ್ನನ್ನೇ ಕೇಳಿಕೊಳ್ಳತಕ್ಕುದು.