ಗೇಟಿನೊಳಗೆ 35 ವರ್ಷ

ಡಿಪ್ಲೊಮಾ, ಎಂಜಿನಿಯರಿಂಗ್ ಫಲಿತಾಂಶ ಬಂದ ಮೇಲೆ ನಮ್ಮಂಥ ಮೇಷ್ಟ್ರುಗಳನ್ನು ಹುಡುಕಿಕೊಂಡು ಬರುವ ತಂದೆ-ತಾಯಿಯರ ಪ್ರಶ್ನೆ ಈಗ ಬದಲಾಗಿದೆ. ಮೊದಲೆಲ್ಲ "ಕೆಲಸ ಸಿಕ್ಕೀತೇ?" ಎಂದು ಕೇಳುತ್ತಿದ್ದರು. ಈಗ, "ದೊಡ್ಡ ಕಂಪನಿಯಲ್ಲೇ ಸಿಕ್ಕಿದೆ ಸಾರ್, ಆದರೆ ಇವನು ಎರಡು ವರ್ಷ ಇದ್ದು ಬಿಡುತ್ತೇನೆ ಅನ್ನುತ್ತಾನೆ. ಒಂದು ಕಡೆ ನೆಲೆ ನಿಲ್ಲುವುದು ಬೇಡವೇ?" ಎನ್ನುತ್ತಾರೆ. ಅಪ್ಪನಿಗೆ ಈ ಕಾಲ ತಿಳಿಯದು ಎಂಬ ಭಾವ ಮಗನ ಮುಖದಲ್ಲಿ. ಮಗನಿಗೆ ಬದುಕು ತಿಳಿಯದು ಎಂಬ ಭಾವ ಅಪ್ಪನ ಮುಖದಲ್ಲಿ. ಇಬ್ಬರ ಮಾತಿನಲ್ಲೂ ಹುರುಳಿದೆ ಎಂದು ಹೇಳಿ ಕಾಫಿ ಕುಡಿಸಿ ಕಳಿಸುವುದು ಸುಲಭ. ಅದಕ್ಕಿಂತ ಬೆಂಗಳೂರಿನ ಜಾಲಹಳ್ಳಿಯ ಕಡೆಗೊಮ್ಮೆ ನೋಡುವುದು ಲೇಸು.

ಅಲ್ಲಿ ಎರಡು ದೊಡ್ಡ ಕಾರ್ಖಾನೆಗಳು ಅಕ್ಕಪಕ್ಕದವೆಂಬಂತೆ ಬೆಳೆದವು. 1953ರಲ್ಲಿ ಎಚ್‌ಎಂಟಿ, ಮರುವರ್ಷವೇ ಬಿಇಎಲ್. ಎರಡೂ ಕೇಂದ್ರ ಸರ್ಕಾರದವು. ಎರಡಕ್ಕೂ ಕಾಲೊನಿ, ಶಾಲೆ, ಕ್ಯಾಂಟೀನು, ಬಸ್ಸು. 1975ರ ಸುಮಾರಿಗೆ ಐಟಿಐ ಮುಗಿಸಿದ ಹುಡುಗನೊಬ್ಬನಿಗೆ ಎರಡೂ ಕಡೆಯಿಂದ ಪತ್ರ ಬಂದಿದ್ದರೆ ಅವನ ತಂದೆ ಯಾವುದನ್ನು ಆರಿಸುತ್ತಿದ್ದರು? ಎಚ್‌ಎಂಟಿಯನ್ನೇ ಎಂದು ನನ್ನ ಊಹೆ. ಮದುವೆಯಲ್ಲಿ ಅಳಿಯನ ಕೈಗೆ, ಎಸ್ಸೆಲ್ಸಿ ಪಾಸಾದ ಮಗನ ಕೈಗೆ ಕಟ್ಟುತ್ತಿದ್ದುದು ಅದರ ವಾಚನ್ನೇ ಅಲ್ಲವೆ? ಬಿಇಎಲ್ ಏನು ತಯಾರಿಸುತ್ತದೆ ಎಂಬುದು ಬಹಳ ಮನೆಗಳಲ್ಲಿ ಗೊತ್ತೇ ಇರಲಿಲ್ಲ.

2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಉಳಿದಿದ್ದ ನೌಕರರಿಗೆ 2007ರ ವೇತನ ಶ್ರೇಣಿಯನ್ನು ಆಧಾರವಾಗಿಟ್ಟು ಸ್ವಯಂ ನಿವೃತ್ತಿಯ ಹಣ ಎಂದಾಯಿತು. ಅಂದರೆ 9 ವರ್ಷ ಹಿಂದಿನ ಲೆಕ್ಕ. ಅತ್ತ ಬಿಇಎಲ್ 2007ರಲ್ಲಿ ನವರತ್ನ ಎನಿಸಿ, ಇಂದಿಗೂ ರಾಡಾರ್‌ಗಳನ್ನೂ ಮತಯಂತ್ರಗಳನ್ನೂ ತಯಾರಿಸುತ್ತಿದೆ.

ಹೀಗೇಕಾಯಿತು ಎಂಬುದನ್ನು ವಿಜ್ಞಾನದ ಮೇಷ್ಟ್ರು ಹೇಳದೆ ಬಿಡಲಾರ. ಕೀಲಿ ಕೊಡುವ ವಾಚಿನ ಎದೆಯೊಳಗೆ ಒಂದು ಸಣ್ಣ ಸಮತೋಲನ ಚಕ್ರ ಇರುತ್ತದೆ. ಸಾಮಾನ್ಯವಾಗಿ ಅದು ಸೆಕೆಂಡಿಗೆ 5 ಸಲ ಟಿಕ್ ಎನ್ನುತ್ತದೆ. ಅದನ್ನು ನಡೆಸಲು ಕೂದಲೆಳೆಯಂಥ ಸ್ಪ್ರಿಂಗು, ಹಲ್ಲಿನ ಚಕ್ರಗಳು, ಸವೆತ ತಡೆಯುವ ಕೆಂಪು ಹರಳುಗಳು, ಎಲ್ಲ ಸೇರಿ ನೂರಕ್ಕೂ ಹೆಚ್ಚು ಬಿಡಿಭಾಗ. ಕ್ವಾರ್ಟ್ಸ್ ವಾಚಿನಲ್ಲಾದರೋ, ಬ್ಯಾಟರಿಯ ವಿದ್ಯುತ್ತಿನಿಂದ ಒಂದು ಸ್ಫಟಿಕದ ಚೂರು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ಸಂಖ್ಯೆ ಎಲ್ಲಿಂದ ಬಂತು? 2ನ್ನು 2ರಿಂದಲೇ ಗುಣಿಸುತ್ತ 15ನೇ ಘಾತಕ್ಕೆ ಹೋಗಿ ನೋಡಿ. 15 ಸಲ ಅರ್ಧ ಮಾಡಿದರೆ ಸೆಕೆಂಡಿಗೆ ಸರಿಯಾಗಿ ಒಂದು ಮಿಡಿತ ಉಳಿಯುತ್ತದೆ. ಜಪಾನಿನ ಸೈಕೋ ಕಂಪನಿ ಇಂಥ ಕೈಗಡಿಯಾರವನ್ನು 1969ರಲ್ಲೇ ಮಾರುಕಟ್ಟೆಗೆ ತಂದಿತ್ತು. ಜಪಾನಿನದೇ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ವಾಚು ತಯಾರಿಕೆ ಶುರುಮಾಡಿದ ಎಚ್‌ಎಂಟಿಯೂ ಮುಂದೆ ಕ್ವಾರ್ಟ್ಸ್ ಮಾಡಿತು. ಆದರೆ ಅದರ ಒಲವು, ಯಂತ್ರಗಳು, ಜನ ಎಲ್ಲವೂ ಕೀಲಿ ವಾಚಿನ ಕಡೆಗೇ ವಾಲಿದ್ದವು. 1984ರಲ್ಲಿ ಹುಟ್ಟಿ ಹೊಸೂರಿನಲ್ಲಿ ಕಾರ್ಖಾನೆ ತೆರೆದ ಟೈಟಾನ್ ಕ್ವಾರ್ಟ್ಸನ್ನೇ ನೆಚ್ಚಿಕೊಂಡಿತು. ಮುಂದಿನದು ಎಲ್ಲರಿಗೂ ಗೊತ್ತು.

ಬಿಇಎಲ್‌ನಲ್ಲೇನು ಎಲ್ಲವೂ ಶಾಶ್ವತವಾಗಿತ್ತೆ? ಅಲ್ಲಿ ತಯಾರಾಗುತ್ತಿದ್ದ ರೇಡಿಯೋ ವಾಲ್ವ್ ಹೋಯಿತು, ಜರ್ಮೇನಿಯಂ ಟ್ರಾನ್ಸಿಸ್ಟರ್ ಹೋಯಿತು, ಟಿ.ವಿ.ಯ ಪಿಕ್ಚರ್ ಟ್ಯೂಬೂ ಹೋಯಿತು. ಆದರೆ ಅದರ ಮುಖ್ಯ ಗಿರಾಕಿ ನಮ್ಮ ರಕ್ಷಣಾ ಪಡೆಗಳು. ಒಂದು ವಸ್ತು ಹಳತಾದರೆ ಇನ್ನೊಂದನ್ನು ಕೇಳುವ ಗಿರಾಕಿ. ಅಂಗಡಿಯಲ್ಲಿ ವಾಚು ಕೊಳ್ಳುವವನಿಗೆ ಆ ದಾಕ್ಷಿಣ್ಯವಿಲ್ಲ. ಇಂಥದನ್ನೆಲ್ಲ 1975ರಲ್ಲಿ 20ರ ಹುಡುಗನಾಗಲಿ ಅವನ ತಂದೆಯಾಗಲಿ ಊಹಿಸುವುದು ಹೇಗೆ? ಕಂಪನಿಯ ಗೇಟು ಎಷ್ಟು ದೊಡ್ಡದು ಎಂಬುದರಿಂದ ಅದರ ಆಯುಸ್ಸನ್ನು ಹೇಳಲು ಬಾರದು. ಹಾಗಾಗಿ "ಯಾವ ಕಂಪನಿ ಉಳಿಯುತ್ತದೆ?" ಎಂದು ಕೇಳಿದರೆ ಯಾವ ಮೇಷ್ಟ್ರ ಬಳಿಯೂ ಉತ್ತರವಿಲ್ಲ. ಅಲ್ಲಿ ಕಲಿತದ್ದು ಗೇಟಿನ ಹೊರಗೆ ಬೆಲೆ ಬಾಳುತ್ತದೆಯೇ ಎಂದು ಕೇಳಿದರೆ ಮಾತ್ರ ಮಾತು ಮುಂದುವರಿಯುತ್ತದೆ.

ಎಚ್‌ಎಂಟಿಯ ಒಳಗೇ ಈ ವ್ಯತ್ಯಾಸ ಇತ್ತು. ಅದರ ಮೊದಲ ಕಸುಬು ವಾಚಲ್ಲ, ಲೇತು, ಮಿಲ್ಲಿಂಗ್ ಯಂತ್ರಗಳನ್ನು ಮಾಡುವುದು. ಲೋಹವನ್ನು ಮಿಲಿಮೀಟರಿನ ನೂರನೇ ಒಂದು ಭಾಗದ ನಿಖರತೆಯಲ್ಲಿ ಕಡೆಯಲು ಕಲಿತವನಿಗೆ ಪಕ್ಕದ ಪೀಣ್ಯದಲ್ಲಿ ಸಾಲು ಸಾಲು ಶೆಡ್ಡುಗಳು ಕಾದಿದ್ದವು; ಸ್ವಂತ ಲೇತು ಹಾಕಿಕೊಂಡರೂ ನಡೆಯುತ್ತಿತ್ತು. ನಮ್ಮ ಮೊದಲ ಉಪಗ್ರಹ ಆರ್ಯಭಟ 1975ರಲ್ಲಿ ಹಾರುವ ಮುನ್ನ ಸಿದ್ಧವಾದದ್ದೂ ಅದೇ ಪೀಣ್ಯದ ಶೆಡ್ಡುಗಳಲ್ಲಿ! ವಾಚು ಜೋಡಿಸುವ ವಿಭಾಗದ ಕಥೆ ಬೇರೆ. ಅಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಕಣ್ಣಿಗೆ ಭೂತಗನ್ನಡಿ ಹಚ್ಚಿ, ಚಿಮಟದಲ್ಲಿ ಹಿಡಿದು, ಒಂದೇ ಭಾಗವನ್ನು ದಿನವಿಡೀ ಕೂರಿಸುವ ಕೆಲಸ. ಅವರ ಕೈಯ ನಯಕ್ಕೆ ಸಮನಾದದ್ದು ದೇಶದಲ್ಲಿ ಅಪರೂಪ. ಆದರೆ ಆ ನಯವನ್ನು ಕೊಳ್ಳುವವರು ಹೊರಗೆ ಎಷ್ಟು ಮಂದಿ? ಶ್ರಮದಲ್ಲಾಗಲಿ ನಿಷ್ಠೆಯಲ್ಲಾಗಲಿ ಅವರು ಯಾರಿಗೂ ಕಡಿಮೆ ಇರಲಿಲ್ಲ ಎಂಬುದನ್ನು ನೆನಪಿಡಬೇಕು.

ಕೋಲಾರದ ಚಿನ್ನದ ಗಣಿ ಇದಕ್ಕಿಂತ ಕಠಿಣವಾದ ಉದಾಹರಣೆ. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ತಲುಪಿದ ಊರು ಅದು. ನೆಲದೊಳಗೆ 3 ಕಿಲೋಮೀಟರಿಗೂ ಆಳದಲ್ಲಿ ಜನ ದುಡಿದರು. ಮನೆ ಕಂಪನಿಯದು, ಆಸ್ಪತ್ರೆ ಕಂಪನಿಯದು, ಅಪ್ಪನ ನಂತರ ಮಗನೂ ಅದೇ ಗಣಿಗೆ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದಾಗ ಹೋದದ್ದು ಬರೀ ಸಂಬಳವಲ್ಲ. ಚಿನ್ನದ ಗಣಿಯ ಕಸುಬಿಗೆ ರಾಜ್ಯದಲ್ಲಿ ರಾಯಚೂರು ಜಿಲ್ಲೆಯ ಹಟ್ಟಿ ಬಿಟ್ಟರೆ ಬೇರೆ ದೊಡ್ಡ ಜಾಗವೇ ಇರಲಿಲ್ಲ. ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವ ಊರಾಗಿ ಅದು ಬದಲಾಯಿತು.

ಇಷ್ಟು ಕೇಳಿದ ಹುಡುಗರು "ನೋಡಿದಿರಾ ಅಪ್ಪಾ!" ಎಂದು ಗೆದ್ದವರಂತೆ ನಗಬೇಕಾಗಿಲ್ಲ. ಕೆಲವು ಕೆಲಸಗಳು ಉಳಿದವರಿಗೆ ಮಾತ್ರ ಒಲಿಯುತ್ತವೆ. ತೇಜಸ್ ಯುದ್ಧವಿಮಾನವನ್ನೇ ನೋಡಿ. ಅದನ್ನು ರೂಪಿಸುವ ಸಂಸ್ಥೆ ಬೆಂಗಳೂರಿನಲ್ಲಿ ಆರಂಭವಾದದ್ದು 1984ರಲ್ಲಿ. ಮೊದಲ ಹಾರಾಟ 2001ರ ಜನವರಿ 4ರಂದು, ವಾಯುಪಡೆಯ ಮೊದಲ ತುಕಡಿಗೆ ಸೇರಿದ್ದು 2016ರ ಜುಲೈ 1ರಂದು. 23ನೇ ವಯಸ್ಸಿಗೆ ಆ ಕೆಲಸಕ್ಕೆ ಸೇರಿದವನಿಗೆ ವಿಮಾನ ನೆಲ ಬಿಟ್ಟು ಮೇಲೇಳುವಾಗ 40, ತುಕಡಿ ಸೇರುವಾಗ 55. ಇಸ್ರೋದ ಕ್ರಯೋಜೆನಿಕ್ ಎಂಜಿನ್ನೂ ಹೀಗೆಯೇ. 1994ರಲ್ಲಿ ಶುರುವಾದ ಯೋಜನೆ, ಒಂದು ಸೋಲಿನ ನಂತರ 2014ರ ಜನವರಿ 5ರಂದು ಫಲ ಕೊಟ್ಟಿತು. ಎರಡೆರಡು ವರ್ಷಕ್ಕೆ ಎದ್ದು ಹೋಗುವವರಿಂದ ಇಂಥವು ಆಗುವುದಿಲ್ಲ. ಅಂಥವರಿಗೆ ಇವುಗಳ ಸುಖವೂ ಸಿಗುವುದಿಲ್ಲ. ಅಲ್ಲಿ ಐದನೇ ವರ್ಷದ ಕೆಲಸ ಮೊದಲ ವರ್ಷದ್ದಕ್ಕಿಂತ ಕಷ್ಟದ್ದು, ಹದಿನೈದನೆಯದು ಇನ್ನೂ ಕಷ್ಟದ್ದು. ನಾನು ಬೆಲೆ ಕೊಡುವುದು ಅದಕ್ಕೆ. ಕೆಲಸ ವರ್ಷದಿಂದ ವರ್ಷಕ್ಕೆ ಆಳವಾಗುತ್ತಿದ್ದರೆ ಇರಿ. ಹೆಸರು, ಟೇಬಲ್ಲು, ಹುದ್ದೆ ಮಾತ್ರ ಬದಲಾಗುತ್ತಿದ್ದರೆ, ಅದು ಎಷ್ಟೇ ದೊಡ್ಡ ಕಂಪನಿಯಾದರೂ, ಕಣ್ಣು ತೆರೆದಿರಿ.

ಸಾಫ್ಟ್‌ವೇರಿನವರಿಗೂ ಈ ಮಾತು ಅನ್ವಯ. 2025ರ ಜುಲೈಯಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇಕಡ 2ರಷ್ಟನ್ನು, ಅಂದರೆ ಸುಮಾರು 12 ಸಾವಿರ ಮಂದಿಯನ್ನು, ಕಡಿಮೆ ಮಾಡುವುದಾಗಿ ಪ್ರಕಟಿಸಿತು. ಪೆಟ್ಟು ಬೀಳುವುದು ಹೆಚ್ಚಾಗಿ ಮಧ್ಯಮ ಮತ್ತು ಹಿರಿಯ ದರ್ಜೆಯವರಿಗೆ ಎಂದಿತು. ಹೊಸಬರಿಗಿಂತ ಹಳಬರು ಹೆಚ್ಚು ಸುರಕ್ಷಿತ ಎಂಬ ಹಳೆಯ ಲೆಕ್ಕ ಅಲ್ಲಿ ತಲೆಕೆಳಗಾಯಿತು.

ಇನ್ನು ದುಡ್ಡಿನ ಮಾತು. ಪಾಲಕರಿಗೆ ಇದೇ ಮುಖ್ಯ, ತಪ್ಪೂ ಅಲ್ಲ. ಗ್ರಾಚ್ಯುಟಿ ಲೆಕ್ಕ ಹೀಗೆ: ಕೊನೆಯ ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ಕೊನೆಯ ವೇತನ 52,000 ರೂಪಾಯಿ ಇದ್ದವನು ಒಂದೇ ಕಡೆ 30 ವರ್ಷ ಇದ್ದರೆ 9 ಲಕ್ಷ. ಅವನೇ 6 ವರ್ಷಕ್ಕೊಮ್ಮೆ ಕಂಪನಿ ಬದಲಿಸಿ, ಬಿಡುವಾಗಿನ ವೇತನ ಕ್ರಮವಾಗಿ 13,000, 19,500, 26,000, 39,000, 52,000 ಇದ್ದರೆ ಐದೂ ಸೇರಿ 5,17,500 ರೂಪಾಯಿ. ಬದಲಿಸಿದ್ದರಿಂದ ಸಂಬಳ ಚೆನ್ನಾಗಿ ಏರಿದ್ದರೆ ಈ ನಷ್ಟ ಎಂದೋ ತುಂಬಿಹೋಗುತ್ತದೆ. ಏರದೆ ಬರೀ ಬದಲಿಸಿದವನಿಗೆ ಮಾತ್ರ ನಿಜವಾದ ನಷ್ಟ. ಕಾಯಂ ನೌಕರ 5 ವರ್ಷ ತುಂಬಿಸದೆ ಬಿಟ್ಟರೆ ಸಾಮಾನ್ಯವಾಗಿ ಕಾನೂನಿನ ಪ್ರಕಾರ ಏನೂ ಇಲ್ಲ. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಸಂಹಿತೆ ನಿಗದಿತ ಅವಧಿಯ ಒಪ್ಪಂದದವರಿಗೆ ಇದನ್ನು 1 ವರ್ಷಕ್ಕೆ ಇಳಿಸಿದೆ.

"ಪಿಂಚಣಿ ಬರುತ್ತದಲ್ಲ" ಎನ್ನುವವರು ಇದನ್ನೂ ಲೆಕ್ಕ ಹಾಕಲಿ. ಭವಿಷ್ಯನಿಧಿಯ ಪಿಂಚಣಿಯಲ್ಲಿ, 2014ರಲ್ಲಿ ನಿಗದಿಯಾದ 15,000 ರೂಪಾಯಿ ವೇತನಮಿತಿಯನ್ನು ಸೇವಾವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. 35 ವರ್ಷಕ್ಕೆ ತಿಂಗಳಿಗೆ 7,500. ದೀರ್ಘಸೇವೆಗೆ ಕೊಡುವ 2 ವರ್ಷದ ಹೆಚ್ಚುವರಿ ಸೇರಿಸಿದರೂ 8 ಸಾವಿರ ಮುಟ್ಟದು. ಪೂರ್ಣ ವೇತನದ ಮೇಲೆ ಆಯ್ಕೆ ಕೊಟ್ಟ ಕೆಲವರ ಮಾತು ಬೇರೆ. ಸರ್ಕಾರಿ ನೌಕರಿಯಲ್ಲೂ ಹಳೆಯ ಪಿಂಚಣಿ ಕೇಂದ್ರದಲ್ಲಿ 2004ರ ಜನವರಿಯಿಂದ, ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್‌ನಿಂದ ಸೇರಿದವರಿಗೆ ತಪ್ಪಿತು.

ಕಂಪನಿ ಬಿಡುವ ಹುಡುಗರು ಒಂದು ಕೆಲಸವನ್ನು ಮಾತ್ರ ಮರೆಯುತ್ತಾರೆ. ಹಳೆಯ ಭವಿಷ್ಯನಿಧಿಯನ್ನು ಬಿಡಿಸಿಕೊಂಡು ಮೊಬೈಲೋ ಬೈಕೋ ಕೊಂಡುಬಿಡುತ್ತಾರೆ. ಮಾಸಿಕ ಪಿಂಚಣಿಗೆ ಒಟ್ಟು 10 ವರ್ಷದ ಸೇವೆ ಬೇಕು. ಖಾತೆಯನ್ನು ಹೊಸ ಕಂಪನಿಗೆ ವರ್ಗಾಯಿಸಿಕೊಂಡರೆ ಹಿಂದಿನ ವರ್ಷಗಳು ಕೂಡುತ್ತ ಹೋಗುತ್ತವೆ. ಪಿಂಚಣಿಯ ಹಣವನ್ನೂ ತೆಗೆದುಬಿಟ್ಟರೆ ಎಣಿಕೆ ಸೊನ್ನೆಯಿಂದ. 2014ರಿಂದ ಪ್ರತಿ ನೌಕರನಿಗೂ ಕಂಪನಿ ಬದಲಾದರೂ ಬದಲಾಗದ ಒಂದೇ ಸಂಖ್ಯೆ ಕೊಡುತ್ತಿದ್ದಾರೆ. ಮೊದಲ ಸಂಬಳದ ಚೀಟಿ ಬಂದ ದಿನವೇ ಆ ಸಂಖ್ಯೆಯನ್ನು ಅಪ್ಪ-ಅಮ್ಮನೂ ಒಂದು ಕಡೆ ಬರೆದಿಟ್ಟುಕೊಳ್ಳಲಿ.