ಡಯಲ್-ಅಪ್ ಕುಂಟುತ್ತಿದ್ದುದೇಕೆ? ಉತ್ತರ ಗೋಡೆಗುಂಟ ಸಾಗಿದ ತಂತಿಯಲ್ಲಿದೆ

ಅಮೆರಿಕದ ಎಒಎಲ್ ಸಂಸ್ಥೆಯು 2025ರ ಸೆಪ್ಟೆಂಬರ್ 30ರಂದು ತನ್ನ ಡಯಲ್-ಅಪ್ ಸೇವೆಯನ್ನು ಸ್ಥಗಿತಗೊಳಿಸಿತು. ಭಾರತದಲ್ಲಿ 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಅಂತರ್ಜಾಲದ ಬಾಗಿಲು ತೆರೆದಾಗ ಮನೆಗಳಿಗೆ ಬಂದದ್ದೂ ಇದೇ ಬಗೆಯ ಸಂಪರ್ಕ. ಮೋಡೆಮ್‌ನ ಕಿರುಚಾಟ ಕೇಳಿದವರಿಗೆ ಅದರ ಹೆಸರೆತ್ತಿದೊಡನೆ ನೆನಪಾಗುವುದು ಆಮೆಯ ನಡಿಗೆ. ದೂರವಾಣಿ ಕರೆಯ ಶುಲ್ಕ ಒಂದೆಡೆ, ಕೊಂಡ ಗಂಟೆಗಳ ಲೆಕ್ಕ ಇನ್ನೊಂದೆಡೆ. ಪುಟ ತೆರೆಯುವುದು ತಡವಾದಷ್ಟೂ ಖರ್ಚು ಏರುತ್ತಿತ್ತು. ಗಣಕವನ್ನೇ ದೂರಿ, ಹೆಚ್ಚುವರಿ ರ್‍ಯಾಮ್ ಹಾಕಿಸಿ, ವಿಂಡೋಸನ್ನು ಮರುಸ್ಥಾಪಿಸಿ ಹಣ ತೆತ್ತವರುಂಟು. ದೋಷ ಬಹಳಷ್ಟು ಸಲ ಇದ್ದದ್ದು ತಂತಿಯಲ್ಲಿ.

ಮೊದಲಿಗೆ ಲೆಕ್ಕದ ಗೊಂದಲ. ಮೋಡೆಮ್‌ನ ಪೆಟ್ಟಿಗೆಯ ಮೇಲೆ ಬರೆದಿದ್ದ 56ಕೆ ಎಂಬುದು ಕಿಲೋಬಿಟ್‌ಗಳ ಸಂಖ್ಯೆ. ಕಡತ ಇಳಿಸುವಾಗ ತೆರೆಯ ಮೇಲೆ ಕಾಣುತ್ತಿದ್ದುದು ಕಿಲೋಬೈಟ್. ಎಂಟು ಬಿಟ್‌ಗಳಿಗೆ ಒಂದು ಬೈಟ್. ಸೆಕೆಂಡಿಗೆ 40 ಕಿಲೋಬಿಟ್ ದೊರೆತರೆ ಕೈಸೇರುವುದು 5 ಕಿಲೋಬೈಟ್ ಮಾತ್ರ. ಅಂದರೆ 5 ಮೆಗಾಬೈಟ್‌ನ ಒಂದು ಹಾಡಿಗೆ ಸುಮಾರು 17 ನಿಮಿಷ. ಅದು ದೋಷವಲ್ಲ, ಆ ತಂತ್ರಜ್ಞಾನದ ಮಿತಿ. ಕೆಲವು ಗಣಕಗಳಲ್ಲಿ ವಿಂಡೋಸ್ 1,15,200 ಎಂಬ ವೇಗ ತೋರಿಸಿ ಬಳಕೆದಾರರನ್ನು ಇನ್ನಷ್ಟು ದಾರಿ ತಪ್ಪಿಸುತ್ತಿತ್ತು. ಅದು ಗಣಕಕ್ಕೂ ಮೋಡೆಮ್‌ಗೂ ನಡುವಿನ ವೇಗ. ದೂರವಾಣಿ ತಂತಿಗೂ ಅದಕ್ಕೂ ಸಂಬಂಧವಿರಲಿಲ್ಲ.

1998ರಲ್ಲಿ ರೂಪುಗೊಂಡ ವಿ.90 ಮಾನದಂಡದ ಪ್ರಕಾರ 56 ಕಿಲೋಬಿಟ್ ಒಳಬರುವ ದತ್ತಾಂಶದ ಗರಿಷ್ಠ ಮಿತಿ. ಹೊರಹೋಗುವುದಕ್ಕೆ 33.6 ಮಾತ್ರ. ಮೇಲಿನ ಮಿತಿಯ ಹತ್ತಿರ ಹೋಗಬೇಕಾದರೆ ವಿನಿಮಯ ಕೇಂದ್ರದಿಂದ ಸೇವಾದಾರರವರೆಗಿನ ಹಾದಿ ಪೂರ್ತಿ ಡಿಜಿಟಲ್ ಆಗಿರಬೇಕಿತ್ತು. ಅಪಾರ್ಟ್‌ಮೆಂಟ್ ಅಥವಾ ಕಚೇರಿಯ ಆಂತರಿಕ ಎಕ್ಸ್‌ಚೇಂಜ್ ಮೂಲಕ ಬರುವ ಸಾಲಿನಲ್ಲಿ ಸಂಕೇತವು ಇನ್ನೊಮ್ಮೆ ರೂಪ ಬದಲಿಸಿದರೆ, ಎಷ್ಟೇ ದುಬಾರಿ ಮೋಡೆಮ್ ಇದ್ದರೂ ವೇಗ 33.6ರ ಮೇಲೇರುತ್ತಿರಲಿಲ್ಲ.

ಆರಂಭದ ಆ ಕಿರುಚಾಟದಲ್ಲಿ ಎರಡು ಮೋಡೆಮ್‌ಗಳು ತಂತಿಯ ಗುಣಮಟ್ಟವನ್ನು ಅಳೆದು ವೇಗವನ್ನು ಒಪ್ಪಂದ ಮಾಡಿಕೊಳ್ಳುತ್ತಿದ್ದವು. ಸಾಲಿನಲ್ಲಿ ಗೊರಗೊರ ಸದ್ದಿದ್ದರೆ ಕಡಿಮೆ ವೇಗಕ್ಕೆ ಸಮ್ಮತಿ. ನಡುವೆ ಸದ್ದು ಹೆಚ್ಚಿದರೆ ಹಾಳಾದ ದತ್ತಾಂಶವನ್ನು ಮತ್ತೆ ಮತ್ತೆ ಕಳುಹಿಸಬೇಕು, ಇಲ್ಲವೇ ಸಂಪರ್ಕವೇ ಕಡಿದುಹೋಗಬೇಕು. ಸದ್ದಿನ ಮೂಲಗಳು ತೀರ ಸಾಮಾನ್ಯವಾದವು: ಒಳಕೋಣೆಗೆ ಎಳೆದ ಪ್ಯಾರಲಲ್ ಫೋನು, ಟೇಪು ಸುತ್ತಿದ ಜೋಡಣೆ, ವಿದ್ಯುತ್ ತಂತಿಯ ಪಕ್ಕದಲ್ಲೇ ಹಾಯ್ದ ಫೋನ್ ತಂತಿ, ಮಳೆಗಾಲದಲ್ಲಿ ನೀರಿಳಿದು ಹಸಿರುಗಟ್ಟಿದ ತಾಮ್ರ.

ಪತ್ತೆಹಚ್ಚಲು ಉಪಕರಣ ಬೇಕಿರಲಿಲ್ಲ. ಫೋನೆತ್ತಿ ಒಂದೇ ಒಂದು ಅಂಕಿ ಒತ್ತಿದರೆ ಡಯಲ್ ಟೋನ್ ನಿಲ್ಲುತ್ತದೆ; ಆ ಮೌನದಲ್ಲಿ ಕೇಳಿಬರುವ ಗೊರಗೊರವೇ ಸಾಕ್ಷಿ. ಬಳಿಕ ಉಳಿದ ಫೋನುಗಳನ್ನೆಲ್ಲ ಕಳಚಿ, ಸಾಲು ಮನೆಯೊಳಗೆ ಬರುವ ಮೊದಲ ಪೆಟ್ಟಿಗೆಗೇ ಮೋಡೆಮ್ ಜೋಡಿಸಿ ನೋಡಬೇಕಿತ್ತು. ವೇಗ ಏರಿದರೆ ದೋಷ ಮನೆಯೊಳಗಿನದು. ಏರದೆ, ಸದ್ದೂ ಉಳಿದರೆ ಹೊರಗಿನದು. ಸಾಲು ಶುದ್ಧವಾಗಿದ್ದು ಸಂಜೆ ಮಾತ್ರ ನಿಧಾನವಾದರೆ ಸೇವಾದಾರರ ಕಡೆಯ ದಟ್ಟಣೆಯನ್ನು ಶಂಕಿಸಬಹುದಿತ್ತು. ಇವೆಲ್ಲ ಮುಗಿದ ಮೇಲಷ್ಟೇ ಗಣಕದ ಸರದಿ: ಮರೆಯಲ್ಲಿ ದತ್ತಾಂಶ ಸೆಳೆಯುವ ತಂತ್ರಾಂಶ, ವೈರಸ್, ಅಥವಾ ತನ್ನ ಕೆಲಸವನ್ನೆಲ್ಲ ಪ್ರೊಸೆಸರ್‌ಗೆ ಹೊರಿಸುತ್ತಿದ್ದ ಅಗ್ಗದ ಮೋಡೆಮ್.

2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಬಂದಾಗಲೂ ಅದು ಓಡಿದ್ದು ಅದೇ ತಾಮ್ರದ ಮೇಲೆ. ಧ್ವನಿಗಿಂತ ಎತ್ತರದ ಕಂಪನಾಂಕ ಬಳಸುವ ಡಿಎಸ್‌ಎಲ್‌ಗೆ ಕೆಟ್ಟ ಜೋಡಣೆ ಇನ್ನೂ ಹೆಚ್ಚು ಬಾಧಕ. ಫೈಬರ್ ತಲುಪದೆ ಇಂಥ ಸಾಲನ್ನೇ ನೆಚ್ಚಿಕೊಂಡ ಮನೆಗಳಿಗೆ ಮೇಲಿನ ಪರೀಕ್ಷೆ ಹಾಗೆಯೇ ಅನ್ವಯಿಸುತ್ತದೆ. ಜೊತೆಗೆ, ಪ್ರತಿಯೊಂದು ಫೋನೂ ಸ್ಪ್ಲಿಟರ್‌ನ ಫೋನ್ ಕಡೆಗೇ ಜೋಡಣೆಯಾಗಿದೆಯೇ ಎಂದು ನೋಡಬೇಕು. ದೂರು ಕೊಡುವಾಗ ‘ನೆಟ್ ನಿಧಾನ’ ಎನ್ನುವುದಕ್ಕಿಂತ ‘ಫೋನಿನಲ್ಲಿ ಗೊರಗೊರ ಸದ್ದಿದೆ’ ಎನ್ನುವುದು ಮೇಲು. ಲೈನ್‌ಮನ್ ಅದನ್ನು ಅಲ್ಲೇ ಕಿವಿಗೊಟ್ಟು ಕೇಳಬಲ್ಲರು.