ಅತಿಶಯೋಕ್ತಿಯಲ್ಲ, ಸ್ವಭಾವೋಕ್ತಿ

ಕಳೆದ ವರ್ಷ ವಿದ್ಯಾರ್ಥಿಗಳ ಪ್ರಬಂಧಗಳನ್ನು ತಿದ್ದುತ್ತಿದ್ದಾಗ, “ಒಂದು ಪುಟ್ಟ ಹುಳುವಿನ ಕಾಲಿನಲ್ಲಿ ಪ್ರಕೃತಿ ಹಲ್ಲುಚಕ್ರಗಳನ್ನು ಜೋಡಿಸಿದೆ” ಎಂಬ ವಾಕ್ಯ ಕಣ್ಣಿಗೆ ಬಿತ್ತು. ಅಲಂಕಾರ ಮಿತಿಮೀರಿತೆಂದು ಬಗೆದು, ಕೆಂಪು ಗೆರೆಯೆಳೆದು, ಅಂಚಿನಲ್ಲಿ ‘ಅತಿಶಯೋಕ್ತಿ’ ಎಂದು ಬರೆದು ಒಂದು ಅಂಕವನ್ನು ಕಳೆದೆ. ಮರುದಿನ ಹುಡುಗ ಬಂದು, “ಸಾರ್, ಅದು ಅತಿಶಯೋಕ್ತಿಯಲ್ಲ, ಸ್ವಭಾವೋಕ್ತಿ” ಎಂದ. ನಾನೇ ಕಲಿಸಿದ ಪಾಠ! ಜೀವಶಾಸ್ತ್ರದ ಸಹೋದ್ಯೋಗಿಯೊಬ್ಬರನ್ನು ವಿಚಾರಿಸಿದೆ. ಹುಡುಗನ ಮಾತು ನಿಜವಾಗಿತ್ತು.

ಆ ಹುಳುವಿನ ಶಾಸ್ತ್ರೀಯ ನಾಮ ಇಸ್ಸಸ್ ಕೋಲಿಯೋಪ್ಟ್ರೇಟಸ್. ಯೂರೋಪಿನ ತಂಪು ಕಾಡುಗಳಲ್ಲಿ, ಐವಿ ಬಳ್ಳಿ ಹಬ್ಬಿದ ಮರಗಳಲ್ಲಿ ಅದರ ವಾಸ. ಸೂಜಿಯಂಥ ಮೂತಿಯನ್ನು ಚುಚ್ಚಿ ಸಸ್ಯರಸವನ್ನು ಹೀರುವುದು ಅದರ ವೃತ್ತಿ. ನಮ್ಮ ಭತ್ತದ ಗದ್ದೆಗಳನ್ನು ಕಾಡುವ ಕಂದು ಜಿಗಿಹುಳು ಇದರ ದೂರದ ಬಳಗ.

ಲಿನೇಯಸನ ಶಿಷ್ಯ ಫಬ್ರೀಸಿಯಸ್ 1781ರಲ್ಲಿ ಇದನ್ನು ವರ್ಣಿಸಿ ಹೆಸರಿಟ್ಟ. ದುಂಬಿಯಂತೆ ಒರೆಯಂಥ ರೆಕ್ಕೆಯುಳ್ಳದ್ದು ಎಂಬುದು ಆ ಹೆಸರಿನ ಭಾವ. ಉದ್ದ ಸುಮಾರು 6 ಮಿಲಿಮೀಟರು, ಮೈ ಕಂದು, ಉಬ್ಬಿದ ಗಟ್ಟಿ ಮುಂರೆಕ್ಕೆಗಳ ಮೇಲೆ ಎದ್ದುಕಾಣುವ ನರಗಳ ಬಲೆ, ಹಾರಲಾರದು, ಜಿಗಿಯಬಲ್ಲದು. ಕನ್ನಡದಲ್ಲಿ ನಾವು ಜಿಗಿಹುಳು ಎಂದು ಒಟ್ಟಾಗಿ ಕರೆಯುವವುಗಳಲ್ಲಿ ಎರಡು ಬಳಗಗಳಿವೆ. ಒಂದರಲ್ಲಿ ಮೀಸೆಗಳು ಕಣ್ಣುಗಳ ನಡುವಿನಿಂದ ಹೊರಡುತ್ತವೆ. ಇಸ್ಸಸ್ಸಿನ ಬಳಗದಲ್ಲಿ ಕಣ್ಣುಗಳ ಕೆಳಗಿನಿಂದ. ತೀರ ಹತ್ತಿರದ ಪ್ರಭೇದಗಳನ್ನು ಬೇರ್ಪಡಿಸಲು ಗಂಡಿನ ಜನನಾಂಗದ ರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದು ಶಾಸ್ತ್ರಜ್ಞರ ವಾಡಿಕೆ.

ಇವೆಲ್ಲ ಬೆಳೆದ ಹುಳುವಿನ ಲಕ್ಷಣಗಳು. ಸೋಜಿಗವಿರುವುದು ಮರಿಯಲ್ಲಿ. ಮರಿಯ ಎರಡು ಹಿಂಗಾಲುಗಳ ಬುಡದಲ್ಲಿ ಒಂದೊಂದು ಬಾಗಿದ ಹಲ್ಲುಪಟ್ಟಿಯುಂಟು. ಒಂದೊಂದರಲ್ಲಿ 10ರಿಂದ 12 ಹಲ್ಲು. ಅವು ಒಂದರೊಳಗೊಂದು ಕಚ್ಚಿಕೊಂಡು ತಿರುಗುತ್ತವೆಂದು ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಮಾಲ್ಕಮ್ ಬರೋಸ್ ಮತ್ತು ಗ್ರೆಗರಿ ಸಟನ್ 2013ರಲ್ಲಿ ತೋರಿಸಿಕೊಟ್ಟರು. ಒಂದು ಕಾಲು ಕೊಂಚ ಮುಂದಾದರೂ ಜಿಗಿದ ಮರಿ ಬುಗುರಿಯಂತೆ ಸುತ್ತೀತು. ಎರಡು ಕಾಲುಗಳ ನಡುವಣ ಅಂತರ ಒಂದು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಮೂವತ್ತನ್ನು ಮೀರದು. ಅಷ್ಟು ಬೇಗ ನರಗಳು ಅಪ್ಪಣೆ ಕೊಡಲಾರವು. ಕೊನೆಯ ಪೊರೆ ಕಳಚಿದಾಗ ಹಲ್ಲುಗಳೂ ಹೋಗುತ್ತವೆ. ಮರಿಯ ಹಲ್ಲು ಮುರಿದರೆ ಮುಂದಿನ ಪೊರೆಯೊಡನೆ ಹೊಸದು ಬರುತ್ತದೆ. ಬೆಳೆದ ಹುಳುವಿಗೆ ಆ ಭಾಗ್ಯವಿಲ್ಲ. ಹಲ್ಲುಗಳನ್ನು ಬಿಟ್ಟುಕೊಡಲು ಇದೇ ಕಾರಣವಿರಬಹುದೆಂದು ಅವರ ಊಹೆ.

ಬೆಳೆದ ಹುಳುವನ್ನು ಎಷ್ಟು ಚೆನ್ನಾಗಿ ವರ್ಣಿಸಿದರೂ ಈ ಸಂಗತಿ ಸಿಕ್ಕುವಂತಿರಲಿಲ್ಲ. ಮೇಷ್ಟರಾದ ನಮಗೂ ಇದು ತಟ್ಟಬೇಕಾದ ಮಾತು. ದಂಡಿ ಅಲಂಕಾರಗಳಲ್ಲಿ ಸ್ವಭಾವೋಕ್ತಿಗೆ ಮೊದಲ ಸ್ಥಾನ ಕೊಟ್ಟದ್ದೇಕೆಂದು ಇಪ್ಪತ್ತು ವರ್ಷ ಪಾಠ ಹೇಳಿಯೂ ನನಗೆ ಹೊಳೆದಿರಲಿಲ್ಲ. ಕೆಂಪು ಗೆರೆಯನ್ನು ಅಳಿಸಲಾಗಲಿಲ್ಲ; ಅದರ ಪಕ್ಕದಲ್ಲಿ ‘ನನ್ನ ತಪ್ಪು’ ಎಂದು ಬರೆದು, ಕಳೆದ ಅಂಕವನ್ನು ಹಿಂದಿರುಗಿಸಿದೆ.